ರಚನೆ, ಕಟ್, ಬಾಲ್ ಸ್ಕ್ರೀನ್: ತಂಡಕ್ಕೆ ಯಾವ ಹೆಸರುಗಳನ್ನು, ಯಾವ ಕ್ರಮದಲ್ಲಿ ಕಲಿಸಬೇಕು?

ಶಾಲಾ ತರಬೇತುದಾರ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯ ಬಾಲಕರ ತಂಡಕ್ಕೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಹುಡುಗರು ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ಪಂದ್ಯಗಳ ತುಣುಕುಗಳನ್ನು ಮೊಬೈಲಿನಲ್ಲಿ ನೋಡಿ, ಅಲ್ಲಿ ಕೇಳಿದ ಹೆಸರುಗಳನ್ನು ಅಂಕಣಕ್ಕೆ ತರುತ್ತಾರೆ. ಒಬ್ಬ ಹಾರ್ನ್ಸ್ ಎನ್ನುತ್ತಾನೆ, ಇನ್ನೊಬ್ಬ ಸ್ಪೇನ್ ಎನ್ನುತ್ತಾನೆ, ಮತ್ತೊಬ್ಬನಿಗೆ ಐವರ್ಸನ್ ಕಟ್ ಬೇಕು. ಅವರ ಉತ್ಸಾಹ ನನಗೆ ಸಂತೋಷವನ್ನೇ ಕೊಡುತ್ತದೆ. ಆದರೆ ಇವುಗಳಲ್ಲಿ ಯಾವುದು ನಿಲ್ಲುವ ರಚನೆ, ಯಾವುದು ಒಬ್ಬನ ಓಟ, ಯಾವುದು ಐವರೂ ಸೇರಿ ಆಡುವ ಆಟ ಎಂಬುದು ಸ್ಪಷ್ಟವಿಲ್ಲದ ಕಾರಣ, ಹೆಸರು ಕೂಗಿದ ಕೂಡಲೇ ಇಬ್ಬರು ಒಂದೆಡೆಗೆ ಓಡುತ್ತಾರೆ, ಉಳಿದವರು ನಿಂತಲ್ಲೇ ನಿಲ್ಲುತ್ತಾರೆ. ಇದರ ಜೊತೆಗೆ, ಆಯ್ಕೆ ಶಿಬಿರಕ್ಕೆ ಹೋಗಿ ಬಂದವರು ಅದೇ ಚಲನೆಗೆ ಬೇರೆಯೇ ಹೆಸರು ಕಲಿತು ಬಂದಿರುತ್ತಾರೆ.

ಹದಿನಾಲ್ಕು, ಹದಿನೈದರ ವಯಸ್ಸಿನ ತಂಡಕ್ಕೆ ಯಾವ ರಚನೆಯಿಂದ ಆರಂಭಿಸುವುದು ಸೂಕ್ತ? ಕಟ್‌ಗಳನ್ನು, ಅಂದರೆ ಚೆಂಡಿಲ್ಲದವನ ಚುರುಕಿನ ಓಟಗಳನ್ನು, ಮೊದಲು ಕಲಿಸಬೇಕೇ, ಬಾಲ್ ಸ್ಕ್ರೀನನ್ನು, ಅಂದರೆ ಚೆಂಡು ಹಿಡಿದವನ ಡಿಫೆಂಡರ್‌ಗೆ ಜೊತೆಗಾರ ಅಡ್ಡ ನಿಲ್ಲುವುದನ್ನು, ಮೊದಲು ಕಲಿಸಬೇಕೇ? ಹೆಸರುಗಳನ್ನು ಎಷ್ಟಕ್ಕೆ ಮಿತಿಗೊಳಿಸಬೇಕು? ಅನುಭವಿಗಳು ವಿವರವಾಗಿ ಬರೆದರೆ ನನ್ನಂತಹ ಅನೇಕರಿಗೆ ಉಪಕಾರವಾಗುತ್ತದೆ.

ಹಿರಿಯ ತರಬೇತುದಾರ, ಬೆಂಗಳೂರು

ನಮಸ್ಕಾರ. ನಿಮ್ಮ ತೊಂದರೆಯ ಮೂಲ ಹುಡುಗರಲ್ಲಿಲ್ಲ. ನಾಲ್ಕು ಬೇರೆ ಬೇರೆ ಸಂಗತಿಗಳಿಗೆ ನಾವೆಲ್ಲರೂ 'ಪ್ಲೇ' ಎಂಬ ಒಂದೇ ಮಾತನ್ನು ಬಳಸುತ್ತಿರುವುದರಿಂದ ಈ ಗೊಂದಲ ಹುಟ್ಟುತ್ತದೆ. ಅಂಕಣದ ಮೇಲಿನ ಜಾಗ ಒಂದು. ಐವರೂ ಆಟ ಆರಂಭಿಸುವಾಗ ನಿಲ್ಲುವ ರಚನೆ ಇನ್ನೊಂದು. ಆ ರಚನೆಯಿಂದ ಹುಟ್ಟುವ ಕಟ್ ಮತ್ತು ಸ್ಕ್ರೀನ್‌ಗಳು ಮೂರನೆಯದು. ಎದುರಾಳಿ ಡಿಫೆಂಡರ್ ಏನು ಮಾಡಿದ ಎಂಬುದನ್ನು ನೋಡಿ ಆಟಗಾರ ಆ ಕ್ಷಣದಲ್ಲಿ ತೆಗೆದುಕೊಳ್ಳುವ ನಿರ್ಧಾರ ನಾಲ್ಕನೆಯದು, ಮತ್ತು ಪಂದ್ಯವನ್ನು ಗೆಲ್ಲಿಸುವುದು ಈ ನಾಲ್ಕನೆಯದೇ. ಉಳಿದ ಮೂರಕ್ಕೂ ನಾವು ಹೆಸರು ಕೊಡುವುದು ಆ ನಿರ್ಧಾರಕ್ಕೆ ಆಟಗಾರನನ್ನು ಬೇಗ ತಲುಪಿಸುವುದಕ್ಕಾಗಿ.

ಆದ್ದರಿಂದ ಜಾಗಗಳಿಂದ ಆರಂಭಿಸಿ. ಚೆಂಡು ನಡುವೆ, ಮೂರು ಪಾಯಿಂಟ್ ಗೆರೆಯ ಹೊರಗೆ ಇದ್ದರೆ ಅದು ಟಾಪ್. ಅದರ ಎಡಬಲಕ್ಕೆ, ಎಲ್ಬೋಗಳ ನೇರಕ್ಕೆ ಹೊರಗಿರುವುದು ಸ್ಲಾಟ್. ಫ್ರೀ ಥ್ರೋ ಗೆರೆಯ ಮಟ್ಟದಲ್ಲಿ ಅಂಚಿಗೆ ಹತ್ತಿರವಿರುವುದು ವಿಂಗ್. ಬೇಸ್‌ಲೈನ್ ಸೇರುವಲ್ಲಿ ಇರುವುದು ಕಾರ್ನರ್. ಒಳಗೆ ಬಂದರೆ, ಫ್ರೀ ಥ್ರೋ ಗೆರೆಯ ಎರಡು ತುದಿಗಳು ಎಲ್ಬೋ, ಗೆರೆಯ ನಡುಭಾಗ ನೇಲ್, ರಿಂಗಿನ ಪಕ್ಕದಲ್ಲಿ ಕೀಗೆ (ಬೇಸ್‌ಲೈನಿನಿಂದ ಫ್ರೀ ಥ್ರೋ ಗೆರೆಯವರೆಗಿನ ಗುರುತಿಸಿದ ಆವರಣಕ್ಕೆ) ತಾಗಿದಂತೆ ಇರುವುದು ಬ್ಲಾಕ್, ಬ್ಲಾಕ್ ಮತ್ತು ಕಾರ್ನರ್ ನಡುವೆ ಬೇಸ್‌ಲೈನ್ ಬಳಿ ಇರುವುದು ಶಾರ್ಟ್ ಕಾರ್ನರ್. ಚೆಂಡಿರುವ ಬದಿ ಸ್ಟ್ರಾಂಗ್ ಸೈಡ್, ಇಲ್ಲದ ಬದಿ ವೀಕ್ ಸೈಡ್. ಇಷ್ಟನ್ನು ಒಂದು ವಾರ, ಚೆಂಡಿಲ್ಲದೆ, ಕೂಗಿ ಓಡಿಸಿದರೂ ಸಾಕು. 'ಎಡ ಎಲ್ಬೋ' ಎಂದರೆ ಐವರೂ ಒಂದೇ ಬಿಂದುವನ್ನು ನೋಡುವಂತಾಗದ ಹೊರತು ಮುಂದಿನ ಯಾವ ಹೆಸರೂ ಕೆಲಸ ಮಾಡುವುದಿಲ್ಲ.

ನಿಮ್ಮ ಶಾಲೆಯ ಅಂಕಣದ ಗೆರೆಗಳನ್ನೂ ಒಮ್ಮೆ ಅಳೆದು ನೋಡಿ. 2010ಕ್ಕೆ ಮೊದಲು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾದ ನಿಯಮದಲ್ಲಿ ಮೂರು ಪಾಯಿಂಟ್ ಗೆರೆ 6.25 ಮೀಟರ್ ದೂರದಲ್ಲಿತ್ತು ಮತ್ತು ಕೀ ಕೆಳಗೆ ಅಗಲವಾಗಿ ಚಾಚಿಕೊಂಡಿತ್ತು. 2010ರಿಂದ ಗೆರೆ 6.75 ಮೀಟರ್‌ಗೆ ಹೋಯಿತು, ಕೀ 4.9 ಮೀಟರ್ ಅಗಲದ ಆಯತವಾಯಿತು. ಹಳೆಯ ಬಣ್ಣದ ಮೇಲೆ ಅಭ್ಯಾಸ ಮಾಡಿದ ಹುಡುಗ ಹೊಸ ಅಂಕಣಕ್ಕೆ ಹೋದಾಗ ಅರ್ಧ ಮೀಟರ್ ಒಳಗೆ ನಿಲ್ಲುತ್ತಾನೆ. ಆ ಅರ್ಧ ಮೀಟರಿನಿಂದಲೇ ಒಬ್ಬ ಡಿಫೆಂಡರ್ ಇಬ್ಬರನ್ನು ಕಾಯಲು ಸಾಧ್ಯವಾಗಿಬಿಡುತ್ತದೆ.

ರಚನೆಗಳ ವಿಷಯಕ್ಕೆ ಬಂದರೆ, 5-ಔಟ್‌ನಿಂದ ಆರಂಭಿಸಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಟಾಪ್‌ನಲ್ಲಿ ಒಬ್ಬ, ವಿಂಗ್‌ಗಳಲ್ಲಿ ಇಬ್ಬರು, ಕಾರ್ನರ್‌ಗಳಲ್ಲಿ ಇಬ್ಬರು ನಿಂತು ಒಬ್ಬರಿಂದೊಬ್ಬರಿಗೆ ನಾಲ್ಕೂವರೆಯಿಂದ ಐದು ಮೀಟರ್ ಅಂತರವಿಟ್ಟುಕೊಂಡರೆ ಒಳಗಿನ ಜಾಗ ಪೂರ್ತಿ ತೆರೆದುಕೊಳ್ಳುತ್ತದೆ, ಮತ್ತು ಎತ್ತರದ ಹುಡುಗನೂ ಡ್ರಿಬಲ್, ಪಾಸ್, ಕಟ್ ಮೂರನ್ನೂ ಕಲಿಯಲೇಬೇಕಾಗುತ್ತದೆ. ನಂತರ 4-ಔಟ್ 1-ಇನ್, ಅಂದರೆ ಒಬ್ಬ ಪೋಸ್ಟ್ ಆಟಗಾರ ಒಳಗೆ, ನಾಲ್ವರು ಹೊರಗೆ. 3-ಔಟ್ 2-ಇನ್, ಬಾಕ್ಸ್, 1-4 ಹೈ, 1-3-1, ಹಾರ್ನ್ಸ್ ಇವೆಲ್ಲ ಆಮೇಲೆ ಬರಲಿ. ಬಾಕ್ಸ್ ಎಂದರೆ ಎರಡು ಎಲ್ಬೋ ಮತ್ತು ಎರಡು ಬ್ಲಾಕ್‌ಗಳಲ್ಲಿ ನಾಲ್ವರು. 1-4 ಹೈ ಎಂದರೆ ಎರಡು ಎಲ್ಬೋ ಮತ್ತು ಎರಡು ವಿಂಗ್‌ಗಳಲ್ಲಿ ನಾಲ್ವರು. ಹಾರ್ನ್ಸ್ ಎಂದರೆ ಎಲ್ಬೋಗಳಲ್ಲಿ ಇಬ್ಬರು, ಕಾರ್ನರ್‌ಗಳಲ್ಲಿ ಇಬ್ಬರು, ಚೆಂಡು ಟಾಪ್‌ನಲ್ಲಿ. ಇವೆಲ್ಲ ನಿಲ್ಲುವ ರಚನೆಗಳು ಮಾತ್ರ. 'ಹಾರ್ನ್ಸ್ ಆಡೋಣ' ಎಂದ ಹುಡುಗನಿಗೆ 'ಹಾರ್ನ್ಸ್‌ನಲ್ಲಿ ನಿಂತು ಏನು ಆಡೋಣ?' ಎಂದು ಕೇಳಿ. ಅವನು ಯೋಚಿಸಲು ತೊಡಗಿದರೆ ಪಾಠ ಆರಂಭವಾಯಿತು ಎಂದು ತಿಳಿಯಿರಿ.

ಯುವ ತಂಡದ ಸಹಾಯಕ ತರಬೇತುದಾರ, ನ್ಯೂಜೆರ್ಸಿ

ಹಿರಿಯರು ಜಾಗ ಮತ್ತು ರಚನೆಯ ಬಗ್ಗೆ ಹೇಳಿದ್ದಾರೆ. ನಾನು ಕಟ್‌ಗಳ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಾನಿರುವ ರಾಜ್ಯದಲ್ಲೇ ಈ ಕಲೆ ಬಹಳ ಆಳವಾಗಿ ಬೆಳೆದಿದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತರಬೇತುದಾರರಾಗಿದ್ದ ಪೀಟ್ ಕ್ಯಾರಿಲ್ ಅವರ ತಂಡದಲ್ಲಿ ಎತ್ತರದ, ಬಲಿಷ್ಠ ಆಟಗಾರರು ಹೆಚ್ಚಿರಲಿಲ್ಲ. 1996ರ ಎನ್‌ಸಿಎಎ (ಅಮೆರಿಕದ ಕಾಲೇಜು ತಂಡಗಳ) ಟೂರ್ನಿಯ ಮೊದಲ ಸುತ್ತಿನಲ್ಲಿ ಆ ತಂಡ ಹಿಂದಿನ ವರ್ಷದ ಚಾಂಪಿಯನ್ ಯುಸಿಎಲ್‌ಎಯನ್ನು 43-41ರಿಂದ ಸೋಲಿಸಿತು. ಗೆಲುವಿನ ಅಂಕ ಬಂದದ್ದು ಕೊನೆಯ ಕೆಲವು ಸೆಕೆಂಡುಗಳಲ್ಲಿ, ಸ್ಟೀವ್ ಗುಡ್‌ರಿಚ್ ಕೊಟ್ಟ ಪಾಸಿಗೆ ಗೇಬ್ ಲೆವುಲಿಸ್ ಮಾಡಿದ ಬ್ಯಾಕ್‌ಡೋರ್ ಕಟ್‌ನಿಂದ. ಡಿಫೆಂಡರ್ ಪಾಸ್ ತಡೆಯಲು ಮುಂದೆ ಬಂದರೆ ಅವನ ಬೆನ್ನ ಹಿಂದಿನಿಂದ ರಿಂಗಿಗೆ ನುಗ್ಗುವುದು ಬ್ಯಾಕ್‌ಡೋರ್. ಆ ತಂಡ ವರ್ಷಗಟ್ಟಲೆ ಕಲಿತದ್ದು ಬಹುಪಾಲು ಇದನ್ನೇ: ಡಿಫೆಂಡರ್ ಎಲ್ಲಿದ್ದಾನೆ ನೋಡು, ಅವನು ಇಲ್ಲದ ಕಡೆಗೆ ಹೋಗು.

ಇದರ ಜೋಡಿ ಫ್ರಂಟ್ ಕಟ್, ಅಂದರೆ ಪಾಸ್ ಕೊಟ್ಟ ಮೇಲೆ ಡಿಫೆಂಡರ್‌ನ ಮುಂದೆ ಹಾದು ರಿಂಗಿಗೆ ಹೋಗುವುದು. ಡಿಫೆಂಡರ್ ಚೆಂಡಿನ ಕಡೆಗೆ ಜಿಗಿದರೆ ಅವನ ಹಿಂದೆ, ಜಿಗಿಯದೆ ನಿಂತರೆ ಅವನ ಮುಂದೆ. ಈ ಎರಡರ ನಡುವಿನ ಆಯ್ಕೆಯನ್ನು ಹುಡುಗ ಕೂಗಿಸಿಕೊಳ್ಳದೆ ಮಾಡುವಂತಾದ ದಿನ ನಿಮ್ಮ ತಂಡದ ಅರ್ಧ ಕೆಲಸ ಮುಗಿದಂತೆ. ಪಾಸ್ ಪಡೆಯಲು ಒಳಗೆ ಎರಡು ಹೆಜ್ಜೆ ಹೋಗಿ ಥಟ್ಟನೆ ಹೊರಗೆ ಬರುವ ವಿ-ಕಟ್, ಎಲ್ಬೋವರೆಗೆ ಏರಿ ಅಲ್ಲಿಂದ ನೇರ ಪಕ್ಕಕ್ಕೆ ತಿರುಗುವ ಎಲ್-ಕಟ್, ವೀಕ್ ಸೈಡಿನಿಂದ ನೇಲ್‌ಗೆ ಓಡಿಬಂದು ಚೆಂಡು ಕೇಳುವ ಫ್ಲ್ಯಾಶ್, ಡ್ರಿಬಲ್ ತನ್ನತ್ತ ಬಂದಾಗ ಜಾಗ ಬಿಟ್ಟುಕೊಟ್ಟು ಟಾಪ್‌ಗೆ ಹೊರಳುವ ಶ್ಯಾಲೋ ಕಟ್. ಸ್ಕ್ರೀನ್ ಇಲ್ಲದ ಕಟ್‌ಗಳಿಗೆ ಇಷ್ಟು ಸಾಕು.

ಸ್ಕ್ರೀನ್ ಬಳಸಿ ಮಾಡುವ ಕಟ್‌ಗಳಲ್ಲಿ ಯುಸಿಎಲ್‌ಎ ಕಟ್ ಮೊದಲು ಬರಬೇಕು. ಗಾರ್ಡ್ (ಹೊರಗಿನಿಂದ ಚೆಂಡು ನಡೆಸುವವನು) ವಿಂಗ್‌ಗೆ ಪಾಸ್ ಕೊಡುತ್ತಾನೆ, ಎಲ್ಬೋದಲ್ಲಿರುವ ಆಟಗಾರ ಗಾರ್ಡ್‌ನ ಡಿಫೆಂಡರ್‌ಗೆ ಬೆನ್ನ ಹಿಂದಿನಿಂದ ಅಡ್ಡ ನಿಂತು ಬ್ಯಾಕ್ ಸ್ಕ್ರೀನ್ ಇಡುತ್ತಾನೆ, ಗಾರ್ಡ್ ಅದನ್ನು ಉಜ್ಜಿಕೊಂಡು ಬ್ಲಾಕ್‌ಗೆ ಇಳಿಯುತ್ತಾನೆ. 1964ರಿಂದ 1975ರ ನಡುವೆ ಹತ್ತು ಎನ್‌ಸಿಎಎ ಪ್ರಶಸ್ತಿ ಗೆದ್ದ ಜಾನ್ ವುಡನ್ ಅವರ ಯುಸಿಎಲ್‌ಎ ತಂಡಗಳಿಂದ ಈ ಹೆಸರು ಬಂದಿದೆ. ಮುಂದೆ ಜೆರಿ ಸ್ಲೋನ್ ಅವರ ಯೂಟಾ ಜಾಝ್ ತಂಡ ಅದನ್ನು ವರ್ಷಗಳ ಕಾಲ ಆಡಿತು. ಐವರ್ಸನ್ ಕಟ್ ಎಂಬುದು ಲ್ಯಾರಿ ಬ್ರೌನ್ ಅವರ ಫಿಲಡೆಲ್ಫಿಯಾ ತಂಡದಲ್ಲಿ ಆಲನ್ ಐವರ್ಸನ್ ಹೆಚ್ಚಾಗಿ ಬಳಸಿದ ಓಟ. ಎರಡು ಎಲ್ಬೋಗಳಲ್ಲಿ ನಿಂತ ಇಬ್ಬರ ಮೇಲಿನಿಂದ, ಒಂದು ವಿಂಗ್‌ನಿಂದ ಇನ್ನೊಂದು ವಿಂಗ್‌ಗೆ ಅಡ್ಡಲಾಗಿ ಓಡಿ ಚೆಂಡು ಪಡೆಯುವುದು. ಬ್ಲಾಕ್‌ನಿಂದ ಡೌನ್ ಸ್ಕ್ರೀನ್ (ಬೇಸ್‌ಲೈನ್ ಕಡೆಗೆ ಇಳಿದುಬಂದ ಜೊತೆಗಾರ ಇಡುವ ಸ್ಕ್ರೀನ್) ಬಳಸಿ ನೇರ ಟಾಪ್‌ಗೆ ಏರಿ ಬರುವುದು ಝಿಪ್ಪರ್. ಕಾರ್ನರ್‌ನಿಂದ ಬ್ಯಾಕ್ ಸ್ಕ್ರೀನ್ ಬಳಸಿ ಬೇಸ್‌ಲೈನ್ ಗುಂಟ ಬ್ಲಾಕ್‌ಗೆ ಬರುವುದು ಫ್ಲೆಕ್ಸ್ ಕಟ್.

ಮಹಿಳಾ ಕಾಲೇಜು ತಂಡದ ತರಬೇತುದಾರರು, ಮೈಸೂರು

ತುಮಕೂರಿನ ಸರ್, ತಮ್ಮ ಎರಡನೆಯ ಪ್ರಶ್ನೆಗೆ, ಅಂದರೆ ಬಾಲ್ ಸ್ಕ್ರೀನಿಗೆ, ನಾನು ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ. ಇಂದಿನ ಆಟದ ಬಹುದೊಡ್ಡ ಭಾಗ ಅದರ ಸುತ್ತಲೇ ನಡೆಯುತ್ತದೆ, ಮತ್ತು ಅತಿ ಹೆಚ್ಚು ಗೊಂದಲವಾಗುವುದೂ ಅಲ್ಲೇ.

ಬಾಲ್ ಸ್ಕ್ರೀನಿನಲ್ಲಿ ಮೂರು ವಿಷಯಗಳಿಗೆ ಬೇರೆ ಬೇರೆ ಹೆಸರು ಬೇಕು: ಸ್ಕ್ರೀನ್ ಎಲ್ಲಿ ಮತ್ತು ಯಾವಾಗ ಬಂತು, ಸ್ಕ್ರೀನ್ ಇಟ್ಟವಳು ಆಮೇಲೆ ಏನು ಮಾಡಿದಳು, ಚೆಂಡು ಹಿಡಿದವಳು ಅದನ್ನು ಹೇಗೆ ಬಳಸಿದಳು. ಟಾಪ್‌ನಲ್ಲಿ ಇಟ್ಟರೆ ಹೈ, ವಿಂಗ್‌ನಲ್ಲಿ ಇಟ್ಟರೆ ಸೈಡ್. ವಿಂಗ್‌ನಲ್ಲಿ ಇಟ್ಟಾಗ ಅದೇ ಬದಿಯ ಕಾರ್ನರ್ ಖಾಲಿಯಿದ್ದರೆ ಅದು ಎಂಪ್ಟಿ ಸೈಡ್. ಎದುರಾಳಿಗಳು ಇನ್ನೂ ಹಿಂದಕ್ಕೆ ಓಡುತ್ತಿರುವಾಗ, ಓಡಿಬರುವ ಎತ್ತರದ ಆಟಗಾರ್ತಿ ದಾರಿಯಲ್ಲೇ ಇಡುವ ಸ್ಕ್ರೀನ್ ಡ್ರ್ಯಾಗ್. ಇಬ್ಬರು ಒಬ್ಬರ ಹಿಂದೊಬ್ಬರು ಇಟ್ಟರೆ ಡಬಲ್ ಡ್ರ್ಯಾಗ್. ಸ್ಕ್ರೀನ್ ಇಡಲು ಹೊರಟವಳಿಗೇ ಮೊದಲು ಇನ್ನೊಬ್ಬಳು ಸ್ಕ್ರೀನ್ ಇಟ್ಟು, ಅವಳ ಡಿಫೆಂಡರ್ ತಡವಾಗಿ ಬರುವಂತೆ ಮಾಡಿದರೆ ಅದು ರ್‍ಯಾಮ್.

ಸ್ಕ್ರೀನ್ ಇಟ್ಟ ನಂತರ ರಿಂಗಿನತ್ತ ತಿರುಗಿ ಓಡಿದರೆ ರೋಲ್, ಹೊರಗೆ ಹೆಜ್ಜೆಯಿಟ್ಟು ಶಾಟ್‌ಗೆ ಸಿದ್ಧಳಾದರೆ ಪಾಪ್, ಸ್ಕ್ರೀನ್ ಪೂರ್ತಿ ಇಡುವ ಮೊದಲೇ ಒಳಗೆ ಜಾರಿಕೊಂಡರೆ ಸ್ಲಿಪ್, ಇಡುವಂತೆ ತೋರಿಸಿ ತಾಗದೆ ಹೊರಕ್ಕೆ ಓಡಿದರೆ ಘೋಸ್ಟ್. ರಿಂಗಿನವರೆಗೆ ಹೋಗದೆ ಫ್ರೀ ಥ್ರೋ ಗೆರೆಯ ಸುತ್ತ ನಿಂತು ಪಾಸ್ ಪಡೆದರೆ ಶಾರ್ಟ್ ರೋಲ್. ಗೋಲ್ಡನ್ ಸ್ಟೇಟ್ ತಂಡದಲ್ಲಿ ಸ್ಟೆಫೆನ್ ಕರಿಯನ್ನು ಇಬ್ಬರು ಮುತ್ತಿದಾಗ ಡ್ರೇಮಂಡ್ ಗ್ರೀನ್ ಈ ಜಾಗದಲ್ಲಿ ಚೆಂಡು ಪಡೆದು, ಮೂವರ ಎದುರು ನಾಲ್ವರ ಆಟ ಆಡಿಸುವುದನ್ನು ತಮ್ಮ ಹುಡುಗರು ನೋಡಿಯೇ ಇರುತ್ತಾರೆ. ಚೆಂಡು ಹಿಡಿದವಳ ಕಡೆಯಿಂದ ನೋಡಿದರೆ, ಸ್ಕ್ರೀನನ್ನು ಬಳಸದೆ ವಿರುದ್ಧ ದಿಕ್ಕಿಗೆ ನುಗ್ಗಿದರೆ ರಿಜೆಕ್ಟ್, ಸ್ಕ್ರೀನ್ ದಾಟಿದ ಮೇಲೆ ಮತ್ತೆ ಒಳಕ್ಕೆ ಹೊರಳಿ ತನ್ನ ಡಿಫೆಂಡರನ್ನು ಬೆನ್ನಿಗೆ ಹಾಕಿಕೊಂಡರೆ ಸ್ನೇಕ್, ಇಬ್ಬರು ಡಿಫೆಂಡರ್‌ಗಳ ನಡುವಿನ ಸಂದಿಯಲ್ಲಿ ತೂರಿದರೆ ಸ್ಪ್ಲಿಟ್.

ಇಲ್ಲಿಯವರೆಗೆ ಬರೀ ಪಟ್ಟಿ. ಇದನ್ನು ಜೀವಂತಗೊಳಿಸುವುದು ಎದುರಾಳಿಯ ರಕ್ಷಣೆ. ಎತ್ತರದ ಡಿಫೆಂಡರ್ ಹಿಂದೆ ಸರಿದು ಕೀಯಲ್ಲೇ ನಿಂತರೆ ಅದು ಡ್ರಾಪ್. ಆಗ ಸ್ಕ್ರೀನ್ ದಾಟಿದ ತಕ್ಷಣ ಸಿಗುವ ಮಧ್ಯ ದೂರದ ಶಾಟ್ ಅಥವಾ ಪಾಪ್ ಸರಿಯಾದ ಉತ್ತರ. ಅವಳು ಹೊರಗೆ ಹಾರಿಬಂದು ಕ್ಷಣಕಾಲ ತಡೆದು ಹಿಂದಿರುಗಿದರೆ ಹೆಡ್ಜ್. ಆಗ ಸ್ಲಿಪ್ ಸಿಗುತ್ತದೆ. ಇಬ್ಬರೂ ಚೆಂಡನ್ನು ಬಿಡದೆ ಮುತ್ತಿದರೆ ಬ್ಲಿಟ್ಝ್. ಆಗ ಶಾರ್ಟ್ ರೋಲ್‌ಗೆ ಬೇಗ ಪಾಸ್ ಕೊಡಬೇಕು. ಇಬ್ಬರೂ ಪರಸ್ಪರ ಆಟಗಾರ್ತಿಯರನ್ನು ಬದಲಿಸಿಕೊಂಡರೆ ಸ್ವಿಚ್. ಆಗ ಕುಳ್ಳಗಿರುವ ಡಿಫೆಂಡರ್ ಮೇಲೆ ನಮ್ಮ ಎತ್ತರದವಳು ಬ್ಲಾಕ್‌ನಲ್ಲಿ ಜಾಗ ಹಿಡಿಯಬೇಕು. ಸೈಡ್ ಸ್ಕ್ರೀನಿನಲ್ಲಿ ಚೆಂಡಿನ ಡಿಫೆಂಡರ್ ಸ್ಕ್ರೀನ್ ಇರುವ ನಡುಭಾಗವನ್ನು ಪೂರ್ತಿ ಮುಚ್ಚಿ ಬೇಸ್‌ಲೈನ್ ಕಡೆಗೇ ತಳ್ಳಿದರೆ ಅದಕ್ಕೆ ಐಸ್ ಎನ್ನುತ್ತಾರೆ, ಕೆಲವರು ಬ್ಲೂ ಎಂದೂ ಕರೆಯುತ್ತಾರೆ. ಆಗ ಸ್ಕ್ರೀನರ್ ತನ್ನ ಕೋನವನ್ನೇ ತಿರುಗಿಸಿ, ಬೆನ್ನನ್ನು ಬೇಸ್‌ಲೈನ್ ಕಡೆಗೆ ಮಾಡಿ ಸ್ಕ್ರೀನ್ ಇಡಬೇಕು, ಅಥವಾ ಎಲ್ಬೋಗೆ ಪಾಪ್ ಆಗಬೇಕು.

ನಾನು ಅಭ್ಯಾಸದಲ್ಲಿ ಹೆಸರುಗಳನ್ನು ಜೋಡಿಯಾಗಿಯೇ ಕಲಿಸುತ್ತೇನೆ: ಹೆಡ್ಜ್–ಸ್ಲಿಪ್, ಡ್ರಾಪ್–ಪಾಪ್, ಬ್ಲಿಟ್ಝ್–ಶಾರ್ಟ್. ಬರೀ 'ಸ್ಲಿಪ್' ಎಂದು ಕಲಿತವಳು ಯಾವಾಗ ಬೇಕೋ ಆಗ ಸ್ಲಿಪ್ ಮಾಡುತ್ತಾಳೆ. 'ಹೆಡ್ಜ್ ಬಂದರೆ ಸ್ಲಿಪ್' ಎಂದು ಕಲಿತವಳ ಕಣ್ಣು ಡಿಫೆಂಡರ್ ಮೇಲಿರುತ್ತದೆ.

ರೆಫರಿ, ಮಂಗಳೂರು

ನನಗೆ ಒಂದು ವಿಷಯವನ್ನು ಸೇರಿಸಲೇಬೇಕೆನಿಸುತ್ತದೆ, ಏಕೆಂದರೆ ಶಾಲಾ ಪಂದ್ಯಗಳಲ್ಲಿ ಸ್ಕ್ರೀನ್ ಇಡುವವರ ಮೇಲೆ ಬೀಳುವ ಅಫೆನ್ಸಿವ್ ಫೌಲ್‌ಗಳಲ್ಲಿ ಬಹುಪಾಲು ತಪ್ಪಿಸಬಹುದಾದವು. ಫಿಬಾ ನಿಯಮದಂತೆ ಸ್ಕ್ರೀನ್ ಇಡುವವನು ಸಂಪರ್ಕವಾಗುವ ಕ್ಷಣದಲ್ಲಿ ಸ್ಥಿರವಾಗಿ, ತನ್ನ ಸಿಲಿಂಡರಿನೊಳಗೆ (ತನ್ನ ದೇಹದ ಸುತ್ತಲಿನ ಕಾಲ್ಪನಿಕ ಕೊಳವೆಯಂಥ ಜಾಗದೊಳಗೆ), ಎರಡೂ ಕಾಲುಗಳನ್ನು ನೆಲದ ಮೇಲಿಟ್ಟು ನಿಂತಿರಬೇಕು. ಎದುರಾಳಿ ನಿಂತಿದ್ದು, ಸ್ಕ್ರೀನ್ ಅವನ ಕಣ್ಣಿಗೆ ಕಾಣುವಂತೆ ಮುಂದೆ ಅಥವಾ ಪಕ್ಕದಲ್ಲಿದ್ದರೆ, ಸಂಪರ್ಕವಿಲ್ಲದಂತೆ ಎಷ್ಟು ಹತ್ತಿರವಾದರೂ ನಿಲ್ಲಬಹುದು. ಅವನ ಬೆನ್ನ ಹಿಂದೆ ಕಾಣದಂತೆ ಇಡುವುದಾದರೆ, ಅವನು ಸಂಪರ್ಕವಿಲ್ಲದೆ ಒಂದು ಸಹಜ ಹೆಜ್ಜೆ ಇಡುವಷ್ಟು ಜಾಗ ಬಿಡಬೇಕು. ಎದುರಾಳಿ ಓಡುತ್ತಿದ್ದರೆ, ಅವನು ನಿಲ್ಲಲು ಅಥವಾ ದಿಕ್ಕು ಬದಲಿಸಲು ಸಾಧ್ಯವಾಗುವಂತೆ ಒಂದರಿಂದ ಎರಡು ಸಹಜ ಹೆಜ್ಜೆಗಳಷ್ಟು ಅಂತರ ಬೇಕು.

ಯುಸಿಎಲ್‌ಎ ಕಟ್ ಮತ್ತು ಫ್ಲೆಕ್ಸ್ ಕಟ್‌ಗಳಲ್ಲಿ ಬರುವುದು ಬ್ಯಾಕ್ ಸ್ಕ್ರೀನ್ ಆಗಿರುವುದರಿಂದ ಈ ಒಂದು ಹೆಜ್ಜೆಯ ನಿಯಮ ಅಲ್ಲಿ ನೇರವಾಗಿ ಅನ್ವಯವಾಗುತ್ತದೆ. ರೋಲ್ ಮಾಡುವ ಆತುರದಲ್ಲಿ ಸೊಂಟವನ್ನು ಹೊರಗೆ ಚಾಚುವುದು, ಡಿಫೆಂಡರ್ ತಪ್ಪಿಸಿಕೊಂಡಾಗ ಮೊಣಕೈ ಅಥವಾ ಕಾಲು ಚಾಚಿ ತಡೆಯುವುದು, ಇವೆರಡೂ ಫೌಲ್. ಚೆಂಡು ಹಿಡಿದವನು ಸ್ಕ್ರೀನ್ ನಿಂತ ಮೇಲೆ ಹೊರಡಬೇಕು. ಅವನು ಬೇಗ ಹೊರಟರೆ, ಚಲಿಸುತ್ತಿರುವ ಸ್ಕ್ರೀನರ್ ಮೇಲೆ ಶಿಳ್ಳೆ ಬೀಳುತ್ತದೆ. ತರಬೇತುದಾರರು ಆಗ ಸ್ಕ್ರೀನರನ್ನು ಗದರುವುದನ್ನು ನಾನು ಕಾಣುತ್ತಿರುತ್ತೇನೆ. ಅಲ್ಲಿ ತಿದ್ದಬೇಕಾದದ್ದು ಗಾರ್ಡ್‌ನ ತಾಳ್ಮೆಯನ್ನು.

ಕ್ಲಬ್ ತರಬೇತುದಾರ, ಧಾರವಾಡ

ಎಲ್ಲವೂ ಉಪಯುಕ್ತ. ಆದರೆ ನಮ್ಮ ಕಡೆಯ ಶಾಲಾ ಪಂದ್ಯಗಳಲ್ಲಿ ಎದುರಾಳಿಗಳು ಹೆಚ್ಚಾಗಿ 2-3 ಝೋನ್ ಹಾಕಿ, ಅಂದರೆ ಮುಂದೆ ಇಬ್ಬರು ಹಿಂದೆ ಮೂವರಾಗಿ ತಂತಮ್ಮ ಜಾಗ ಕಾಯುತ್ತಾ, ನಿಲ್ಲುತ್ತಾರೆ. ಮೇಲೆ ಹೇಳಿದ ಬಹುತೇಕ ಕಟ್‌ಗಳು ಒಬ್ಬೊಬ್ಬನಿಗೆ ಒಬ್ಬೊಬ್ಬ ಕಾವಲಿರುವ ಮ್ಯಾನ್-ಟು-ಮ್ಯಾನ್ ರಕ್ಷಣೆಗೆ ಸಂಬಂಧಿಸಿದವು. ಝೋನ್ ಎದುರು ಈ ಹೆಸರುಗಳಲ್ಲಿ ಏನು ಉಳಿಯುತ್ತದೆ?

ಹಿರಿಯ ತರಬೇತುದಾರ, ಬೆಂಗಳೂರು

ರಚನೆ ಉಳಿಯುತ್ತದೆ, ಮತ್ತು ಝೋನ್ ಎದುರು ಅದರ ಬೆಲೆ ಇನ್ನೂ ಹೆಚ್ಚುತ್ತದೆ. ಎದುರಾಳಿಯ ಮುಂದಿನ ಸಾಲಿನಲ್ಲಿ ಇಬ್ಬರಿದ್ದರೆ ನಮ್ಮ ಮುಂದೆ ಒಬ್ಬನಿರಲಿ, ಅವರ ಮುಂದೆ ಒಬ್ಬನಿದ್ದರೆ ನಮ್ಮಲ್ಲಿ ಇಬ್ಬರಿರಲಿ ಎಂಬುದು ಹಳೆಯ, ಇಂದಿಗೂ ಸಲ್ಲುವ ಸೂತ್ರ. ಆದ್ದರಿಂದ 2-3 ಎದುರು 1-3-1ರಲ್ಲಿ ನಿಲ್ಲಿರಿ. ಟಾಪ್‌ನಲ್ಲಿರುವವನು ಅವರ ಇಬ್ಬರು ಗಾರ್ಡ್‌ಗಳ ಸಂದಿಯಲ್ಲಿರುತ್ತಾನೆ, ವಿಂಗ್‌ಗಳು ಅವರ ಮೇಲಿನ ಮತ್ತು ಕೆಳಗಿನ ಸಾಲುಗಳ ಸಂದಿಯಲ್ಲಿರುತ್ತಾರೆ, ನೇಲ್‌ನಲ್ಲಿರುವವನು ಅವರ ಇಡೀ ಝೋನಿನ ನಡುವೆ ನಿಂತಿರುತ್ತಾನೆ, ಐದನೆಯವನು ಬೇಸ್‌ಲೈನ್ ಗುಂಟ ಒಂದು ಶಾರ್ಟ್ ಕಾರ್ನರ್‌ನಿಂದ ಇನ್ನೊಂದಕ್ಕೆ ಚೆಂಡಿನ ಜೊತೆ ಓಡುತ್ತಾನೆ. ನೇಲ್‌ಗೆ ಪಾಸ್ ಹೋದ ಕ್ಷಣ ನಡುವಿನ ಎತ್ತರದ ಡಿಫೆಂಡರ್ ಮುಂದೆ ಬಂದರೆ ಶಾರ್ಟ್ ಕಾರ್ನರ್ ತೆರೆಯುತ್ತದೆ, ಬಾರದಿದ್ದರೆ ಅಲ್ಲಿಂದಲೇ ಶಾಟ್. ಕಟ್‌ಗಳಲ್ಲಿ ಫ್ಲ್ಯಾಶ್ ಪೂರ್ತಿ ಉಳಿಯುತ್ತದೆ. ಸ್ಕ್ರೀನ್ ಬೇಕೆಂದರೆ ಝೋನಿನ ಹೊರಬದಿಯ ಡಿಫೆಂಡರ್‌ಗೆ ಒಳಗಿನಿಂದ ಸ್ಕ್ರೀನ್ ಇಟ್ಟು ಕಾರ್ನರ್‌ಗೆ ಉದ್ದದ ಪಾಸ್ ಕೊಡಬಹುದು.

ಶಾಲಾ ತರಬೇತುದಾರ, ತುಮಕೂರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಮೈಸೂರಿನ ಮೇಡಂ ಹೇಳಿದ ಜೋಡಿ ಹೆಸರುಗಳ ಕ್ರಮವನ್ನು ನಾನು ಖಂಡಿತ ಅನುಸರಿಸುತ್ತೇನೆ. ಇನ್ನೂ ಎರಡು ಸಂದೇಹಗಳಿವೆ. ಸ್ಪೇನ್ ಎಂದರೆ ನಿಜವಾಗಿ ಏನು, ಮತ್ತು ಅದನ್ನು ಈ ವಯಸ್ಸಿಗೆ ಕಲಿಸಬಹುದೇ? ಎರಡನೆಯದು, ಎನ್‌ಬಿಎ ತಂಡಗಳು ಆಡುವ ರೀತಿಯಲ್ಲೇ ಆಡಿದರೂ ನಮ್ಮ ಪಂದ್ಯಗಳಲ್ಲಿ ಕೀಯಲ್ಲಿ ಯಾವಾಗಲೂ ಒಬ್ಬ ಡಿಫೆಂಡರ್ ನಿಂತೇ ಇರುತ್ತಾನೆ. ಏಕೆ ಹೀಗಾಗುತ್ತದೆ?

ಯುವ ತಂಡದ ಸಹಾಯಕ ತರಬೇತುದಾರ, ನ್ಯೂಜೆರ್ಸಿ

ಎರಡನೆಯ ಸಂದೇಹಕ್ಕೆ ಉತ್ತರ ನಿಯಮದಲ್ಲೇ ಇದೆ. ಎನ್‌ಬಿಎಯಲ್ಲಿ ಡಿಫೆಂಡರ್ ಯಾರನ್ನೂ ಹತ್ತಿರದಿಂದ ಕಾಯದೆ ಕೀಯಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಈ ನಿಯಮ 2001-02ರ ಋತುವಿನಲ್ಲಿ ಬಂತು. ಫಿಬಾ ನಿಯಮದಲ್ಲಿ ಅಂತಹ ನಿರ್ಬಂಧ ಡಿಫೆನ್ಸಿಗೆ ಇಲ್ಲ. ಮೂರು ಸೆಕೆಂಡಿನ ಮಿತಿ ಇರುವುದು ಆಕ್ರಮಣ ಮಾಡುವವರಿಗೆ ಮಾತ್ರ. ಭಾರತದ ಪಂದ್ಯಗಳು ನಡೆಯುವುದು ಫಿಬಾ ನಿಯಮದಂತೆ. ಹಾಗಾಗಿ ಎನ್‌ಬಿಎಯಲ್ಲಿ ತೆರೆದು ಕಾಣುವ ರೋಲ್ ದಾರಿ ನಿಮ್ಮ ಪಂದ್ಯಗಳಲ್ಲಿ ಮುಚ್ಚಿರುತ್ತದೆ. ನಿಮ್ಮ ಅಂಕಣವೂ ಕೊಂಚ ಚಿಕ್ಕದು: ಎನ್‌ಬಿಎಯಲ್ಲಿ ಅಗಲ 15.24 ಮೀಟರ್, ಫಿಬಾದಲ್ಲಿ 15. ಎನ್‌ಬಿಎಯಲ್ಲಿ ಟಾಪ್‌ನಲ್ಲಿ ಮೂರು ಪಾಯಿಂಟ್ ಗೆರೆ 7.24 ಮೀಟರ್, ಫಿಬಾದಲ್ಲಿ 6.75. ಎನ್‌ಬಿಎ ತುಣುಕುಗಳಿಗಿಂತ ಫಿಬಾ ಟೂರ್ನಿಗಳ ಮತ್ತು ಯೂರೋಪಿನ ಕ್ಲಬ್‌ಗಳು ಆಡುವ ಯೂರೋಲೀಗ್‌ನ ಪಂದ್ಯಗಳನ್ನು ಹುಡುಗರಿಗೆ ತೋರಿಸುವುದು ಹೆಚ್ಚು ಉಪಯುಕ್ತ. ಅಲ್ಲಿನ ತಂಡಗಳು ಕೀಯಲ್ಲಿ ನಿಂತವನನ್ನು ಸರಿಸುವುದಕ್ಕಾಗಿಯೇ ಆಟ ಕಟ್ಟುತ್ತವೆ.

ಸ್ಪೇನ್ ಪಿಕ್ ಅಂಡ್ ರೋಲ್ ಹುಟ್ಟಿದ್ದೂ ಈ ಅಗತ್ಯದಿಂದಲೇ ಎಂದು ನಾನು ಭಾವಿಸುತ್ತೇನೆ. ಟಾಪ್‌ನಲ್ಲಿ ಹೈ ಸ್ಕ್ರೀನ್ ಬರುತ್ತದೆ, ಸ್ಕ್ರೀನರ್ ರೋಲ್ ಮಾಡುತ್ತಾನೆ, ಡ್ರಾಪ್‌ನಲ್ಲಿ ಹಿಂದೆ ಸರಿಯುತ್ತಿರುವ ಅವನ ಡಿಫೆಂಡರ್‌ಗೆ ಮೂರನೆಯ ಆಟಗಾರ ಬ್ಯಾಕ್ ಸ್ಕ್ರೀನ್ ಇಟ್ಟು ತಾನು ಟಾಪ್‌ಗೆ ಪಾಪ್ ಆಗುತ್ತಾನೆ. ಆ ಮೂರನೆಯವನು ಒಳ್ಳೆಯ ಶೂಟರ್ ಆಗಿರಬೇಕು. ಸ್ಪೇನಿನ ರಾಷ್ಟ್ರೀಯ ತಂಡ ಬಳಸಿದ್ದರಿಂದ ಈ ಹೆಸರು ಬಂತು, ಕೆಲವರು ಇದನ್ನೇ ಸ್ಟ್ಯಾಕ್ ಎನ್ನುತ್ತಾರೆ. ಇಲ್ಲಿ ಮೂವರು ಡಿಫೆಂಡರ್‌ಗಳನ್ನು ಒಟ್ಟಿಗೆ ಗಮನಿಸಬೇಕಾಗಿರುವುದರಿಂದ, ಇಬ್ಬರ ಆಟದಲ್ಲಿ ಸರಿಯಾದ ನಿರ್ಧಾರ ಬರುವವರೆಗೆ ಕಾಯುವುದು ಒಳ್ಳೆಯದು.

ಹಿರಿಯ ತರಬೇತುದಾರ, ಬೆಂಗಳೂರು

ನನ್ನ ಮಾತು ಇನ್ನೂ ಕಠಿಣವಾಗಿದೆ. ಹದಿನೈದರೊಳಗಿನ ತಂಡಕ್ಕೆ ಮೊದಲ ವರ್ಷ ಬಾಲ್ ಸ್ಕ್ರೀನೇ ಬೇಡ. ಸ್ಕ್ರೀನ್ ಎಂದರೆ ಇನ್ನೊಬ್ಬ ಡಿಫೆಂಡರನ್ನು ಚೆಂಡಿನ ಬಳಿ ಕರೆತಂದಂತೆ. ಒಬ್ಬನನ್ನೇ ದಾಟಲಾರದ, ತಲೆಯೆತ್ತಿ ಡ್ರಿಬಲ್ ಮಾಡಲಾರದ ಹುಡುಗನಿಗೆ ಇಬ್ಬರನ್ನು ಒದಗಿಸಿಕೊಟ್ಟರೆ ಅವನು ಚೆಂಡು ಕಳೆದುಕೊಳ್ಳುತ್ತಾನೆ. ಪಾಸ್ ಕೊಡು, ಕಟ್ ಮಾಡು, ಖಾಲಿ ಜಾಗ ತುಂಬು. ಮೊದಲ ವರ್ಷಕ್ಕೆ ಇಷ್ಟು ಸಾಕು.

ಮಹಿಳಾ ಕಾಲೇಜು ತಂಡದ ತರಬೇತುದಾರರು, ಮೈಸೂರು

ಸರ್, ತಮ್ಮ ಮೇಲಿನ ಗೌರವದಿಂದಲೇ ಭಿನ್ನಾಭಿಪ್ರಾಯ ಹೇಳುತ್ತೇನೆ. ತಾವು ಹೇಳುವ ಕ್ರಮ ವರ್ಷಗಟ್ಟಲೆ ಒಬ್ಬರ ಕೈಯಲ್ಲೇ ಬೆಳೆಯುವ ತಂಡಕ್ಕೆ ಸರಿ. ನಮ್ಮ ಮಕ್ಕಳು ಆಯ್ಕೆ ಶಿಬಿರಕ್ಕೆ ಹೋದಾಗ ಕೆಲವೇ ದಿನಗಳಲ್ಲಿ, ಎಂದೂ ಜೊತೆಗೆ ಆಡದವರೊಂದಿಗೆ ಹೊಂದಿಕೊಳ್ಳಬೇಕು. ಅಲ್ಲಿ 'ಸೈಡ್, ಎಂಪ್ಟಿ' ಎಂದು ಕೂಗಿದಾಗ ಅರ್ಥವಾಗದ ಹುಡುಗಿ, ಎಷ್ಟೇ ಚೆನ್ನಾಗಿ ಕಟ್ ಮಾಡಬಲ್ಲವಳಾದರೂ, ಬೆಂಚಿನಲ್ಲಿ ಉಳಿಯುತ್ತಾಳೆ. ಆದ್ದರಿಂದ ವಾರಕ್ಕೆ ಒಂದು ಅಭ್ಯಾಸದಲ್ಲಾದರೂ ಇಬ್ಬರ ಎದುರು ಇಬ್ಬರ ಬಾಲ್ ಸ್ಕ್ರೀನ್ ಇರಲಿ ಎನ್ನುತ್ತೇನೆ.

ನಮ್ಮ ಕಣ್ಣೆದುರಿನ ಒಂದು ಉದಾಹರಣೆಯೂ ಇದೆ. 2017 ಮತ್ತು 2019ರಲ್ಲಿ ಫಿಬಾ ಮಹಿಳಾ ಏಷ್ಯಾ ಕಪ್ ಬೆಂಗಳೂರಿನಲ್ಲಿ ನಡೆದಾಗ ಎರಡೂ ಬಾರಿ ಜಪಾನ್ ಗೆದ್ದಿತು, ಫೈನಲ್‌ಗಳಲ್ಲಿ ಕ್ರಮವಾಗಿ ಆಸ್ಟ್ರೇಲಿಯಾ ಮತ್ತು ಚೀನಾವನ್ನು ಸೋಲಿಸಿತು. ಎತ್ತರದಲ್ಲಿ ಆ ತಂಡ ಇಬ್ಬರಿಗೂ ಸಾಟಿಯಾಗಿರಲಿಲ್ಲ. ಟಾಮ್ ಹೋವಸ್ ಅವರ ತರಬೇತಿಯಲ್ಲಿ ಆ ಆಟಗಾರ್ತಿಯರು ಅಂಕಣವನ್ನು ಅಗಲಿಸಿ ನಿಂತು, ವೇಗದ ಬಾಲ್ ಸ್ಕ್ರೀನ್, ಎಡೆಬಿಡದ ಕಟ್ ಮತ್ತು ಮೂರು ಪಾಯಿಂಟ್ ಶಾಟ್‌ಗಳಿಂದ ಎತ್ತರದ ಎದುರಾಳಿಗಳನ್ನು ಕೀಯಿಂದ ಹೊರಗೆಳೆದರು. ಅದೇ ತಂಡ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿತು. ಸೆಮಿಫೈನಲ್‌ನಲ್ಲಿ ರುಯಿ ಮಾಚಿದಾ ಒಬ್ಬರೇ 18 ಅಸಿಸ್ಟ್ (ನೇರವಾಗಿ ಅಂಕಕ್ಕೆ ದಾರಿಯಾದ ಪಾಸ್) ನೀಡಿದರು. ಕಟ್ ಮತ್ತು ಸ್ಕ್ರೀನ್ ಎರಡೂ ಒಟ್ಟಿಗೆ ಬೆಳೆದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ. ನಮ್ಮ ಹುಡುಗಿಯರಿಗೆ ಎತ್ತರ ಸಾಲದು ಎಂಬ ಮಾತನ್ನು ನಾನು ಇನ್ನು ಒಪ್ಪಲಾರೆ.

ಹಿರಿಯ ತರಬೇತುದಾರ, ಬೆಂಗಳೂರು

ಶಿಬಿರದ ಮಾತನ್ನು ಒಪ್ಪುತ್ತೇನೆ. ಹಾಗಾದರೆ ಹೀಗೆ ಮಾಡೋಣ: ಇಬ್ಬರ ಎದುರು ಇಬ್ಬರ ಅಭ್ಯಾಸದಲ್ಲಿ ಸ್ಕ್ರೀನ್ ಇರಲಿ, ಐವರ ಆಟದಲ್ಲಿ ಮೊದಲ ವರ್ಷ ಕಟ್‌ಗಳು ಮಾತ್ರ ಇರಲಿ. ಸ್ಕ್ರೀನಿನ ಬದಲು ಹ್ಯಾಂಡ್-ಆಫ್‌ನಿಂದ ಆರಂಭಿಸಿದರೆ ಇನ್ನೂ ಉತ್ತಮ. ಡ್ರಿಬಲ್ ಮಾಡಿಕೊಂಡು ಬಂದವನು ವಿಂಗ್‌ನಲ್ಲಿರುವವನ ಕೈಗೇ ಚೆಂಡು ಕೊಟ್ಟು, ದೇಹವನ್ನು ಅಲ್ಲೇ ತಡೆಯಾಗಿ ನಿಲ್ಲಿಸಿ, ಆಮೇಲೆ ರೋಲ್ ಮಾಡುತ್ತಾನೆ. ವಿಂಗ್‌ನವನ ಡಿಫೆಂಡರ್ ಮೊದಲೇ ಮುಂದೆ ನುಗ್ಗಿದರೆ ಅದೇ ಬ್ಯಾಕ್‌ಡೋರ್. ಹೀಗೆ ಮೊದಲು ಕಲಿತ ಕಟ್‌ನ ನಿರ್ಧಾರವೇ ಇಲ್ಲಿಯೂ ಬರುತ್ತದೆ, ಹೊಸದಾಗಿ ಕಲಿಯುವುದು ಕಡಿಮೆ. ಡೆನ್ವರ್ 2023ರಲ್ಲಿ ಎನ್‌ಬಿಎ ಪ್ರಶಸ್ತಿ ಗೆದ್ದಾಗ ನಿಕೊಲಾ ಯೋಕಿಚ್ ಮತ್ತು ಜಮಾಲ್ ಮರ್ರಿ ಈ ಹ್ಯಾಂಡ್-ಆಫ್ ಆಡುತ್ತಿದ್ದುದನ್ನು ಹುಡುಗರಿಗೆ ನಿಧಾನಗತಿಯಲ್ಲಿ ತೋರಿಸಿ, ಪ್ರತಿ ಸಲ ನಿಲ್ಲಿಸಿ 'ಡಿಫೆಂಡರ್ ಎಲ್ಲಿದ್ದಾನೆ?' ಎಂದು ಕೇಳಿ.

ಕ್ಲಬ್ ತರಬೇತುದಾರ, ಧಾರವಾಡ

ಕೂಗುವ ವಿಧಾನದ ಬಗ್ಗೆಯೂ ಒಂದು ಮಾತು. ನಾನು ರಚನೆಗೆ ಕೈಸನ್ನೆ, ಚಲನೆಗೆ ಒಂದೇ ಪದ ಇಟ್ಟುಕೊಂಡಿದ್ದೇನೆ. ಎರಡು ಬೆರಳು ಮೇಲೆತ್ತಿದರೆ ಹಾರ್ನ್ಸ್, ಮುಷ್ಟಿ ಎತ್ತಿದರೆ 5-ಔಟ್. ಅದರ ಜೊತೆಗೆ 'ಯುಸಿಎಲ್‌ಎ' ಅಥವಾ 'ಸೈಡ್' ಎಂದು ಕೂಗುತ್ತೇವೆ. ಆಮೇಲೆ ರೋಲ್ ಬೇಕೇ ಪಾಪ್ ಬೇಕೇ ಎಂದು ಬೆಂಚಿನಿಂದ ನಾನು ಕೂಗುವುದಿಲ್ಲ. ಅದು ಅಂಕಣದಲ್ಲಿರುವ ಇಬ್ಬರ ಕಣ್ಣಿಗೆ ಬಿಟ್ಟ ವಿಷಯ. ಶಾಟ್ ಹೊಡೆಯಲು ಇರುವ 24 ಸೆಕೆಂಡಿನ ಗಡಿಯಾರದಲ್ಲಿ ಚೆಂಡು ಅರ್ಧ ಅಂಕಣ ದಾಟುವಾಗಲೇ ಐದಾರು ಸೆಕೆಂಡು ಕಳೆದಿರುತ್ತದೆ. ಅಫೆನ್ಸಿವ್ ರಿಬೌಂಡ್ ಸಿಕ್ಕಿದರೆ, ಅಂದರೆ ನಮ್ಮದೇ ತಪ್ಪಿದ ಶಾಟಿನ ಚೆಂಡು ಮತ್ತೆ ನಮ್ಮ ಕೈಗೆ ಬಂದರೆ, ಮತ್ತೆ 14 ಸೆಕೆಂಡು ಮಾತ್ರ. ಆ 14 ಸೆಕೆಂಡಿಗಾಗಿ ರಚನೆಯಿಲ್ಲದ ಒಂದೇ ಆಟವನ್ನು ಗೊತ್ತುಮಾಡಿ: ಚೆಂಡು ಹೊರಗೆ ಬಂದ ತಕ್ಷಣ ಹತ್ತಿರದ ಎತ್ತರದವನು ಬಾಲ್ ಸ್ಕ್ರೀನ್ ಇಡಲಿ, ಉಳಿದ ಮೂವರು ಎರಡು ಕಾರ್ನರ್‌ಗಳಿಗೆ ಮತ್ತು ವೀಕ್ ಸೈಡ್ ವಿಂಗ್‌ಗೆ ಓಡಲಿ.

ಶಾಲಾ ತರಬೇತುದಾರ, ತುಮಕೂರು

ಹೀಗೆ ನಿರ್ಧರಿಸಿದ್ದೇನೆ. ಮೊದಲು ಜಾಗಗಳು, ನಂತರ 5-ಔಟ್, ಅದರೊಳಗೆ ಫ್ರಂಟ್ ಕಟ್, ಬ್ಯಾಕ್‌ಡೋರ್, ಶ್ಯಾಲೋ ಮತ್ತು ಹ್ಯಾಂಡ್-ಆಫ್. ಝೋನ್ ಬಂದರೆ 1-3-1. ಇಬ್ಬರ ಅಭ್ಯಾಸದಲ್ಲಿ ಸೈಡ್ ಸ್ಕ್ರೀನ್, ಅದಕ್ಕೆ ಹೆಡ್ಜ್–ಸ್ಲಿಪ್ ಮತ್ತು ಡ್ರಾಪ್–ಪಾಪ್ ಎಂಬ ಎರಡು ಜೋಡಿಗಳು ಮಾತ್ರ. ರೆಫರಿ ಸರ್ ಹೇಳಿದಂತೆ, ಸ್ಕ್ರೀನ್ ನಿಂತ ಮೇಲೆ ಗಾರ್ಡ್ ಹೊರಡಲು ಸ್ಕ್ರೀನರ್ 'ಹೋಗು' ಎಂದು ಹೇಳುವ ಅಭ್ಯಾಸವನ್ನು ಹಾಕಿಸುತ್ತೇನೆ. ಅದು ನಿಯಮಕ್ಕೆ ವಿರುದ್ಧವಲ್ಲವಷ್ಟೇ?

ರೆಫರಿ, ಮಂಗಳೂರು

ಇಲ್ಲ, ಜೊತೆಗಾರನೊಂದಿಗೆ ಮಾತನಾಡಲು ಯಾವ ಅಡ್ಡಿಯೂ ಇಲ್ಲ. ಆದರೆ 'ಹೋಗು' ಎನ್ನುವ ಹೊತ್ತಿಗೆ ಅವನ ಎರಡೂ ಪಾದಗಳು ನೆಲದ ಮೇಲೆ ನಿಂತಿರಲಿ.